ಮ್ಯಾನೇಜರ್ ಬದಲಾದ್ರಂತ, ನನ್ನ ಲೆಕ್ಕ ಅಲ್ಲೇ ಉಳೀತು

ನಮ್ಮ ಓಣ್ಯಾಗ ಭಾಳ ಮಂದಿ ನನಗ "ಲಿಂಕ್ ವೈನಿ" ಅಂತಾರ. ಕುಕ್ಕರ್ ಬೇಕಂದ್ರೂ ನನ್ನ ಕೇಳತಾರ, ಬೆಡ್‌ಶೀಟ್ ಬೇಕಂದ್ರೂ ನನ್ನ ಕೇಳತಾರ. ನಾನೂ ನಾಕ ಕಡೆ ರೇಟ್ ನೋಡಿ, ತೊಗೊಂಡವರು ಏನ ಬರದಾರ ಓದಿ, ಆಮ್ಯಾಲೆ ಗ್ರೂಪಿನ್ಯಾಗ ಲಿಂಕ್ ಹಾಕತೇನಿ. ನೀವು ಅದನ್ನ ಒತ್ತಿ ಸಾಮಾನು ತೊಗೊಂಡ್ರ ನನಗ ನಾಕ ದುಡ್ಡು ಕಮಿಷನ್ ಬರತದ. ಇದನ್ನ ನಾ ಎಂದೂ ಮುಚ್ಚಿಟ್ಟಿಲ್ಲ, ನಿಮಗೆಲ್ಲಾ ಗೊತ್ತಿದ್ದದ್ದೇ. ಆದ್ರ "ಅಕೀದೇನ್ರೀ, ಕೂತಲ್ಲೆ ಬೆರಳಾಡಸ್ತಾಳ, ರೊಕ್ಕ ಬರತದ" ಅನ್ನೋ ಮಾತು ಕಿವಿಗೆ ಬಿದ್ದಾಗ ಮಾತ್ರ ಒಂದೀಟು ಸಿಟ್ಟು ಬರತದ. ರೊಕ್ಕ ಹೆಂಗ ಬರತದ, ಬರೋದ್ರಾಗ ಎಷ್ಟ ಕೈ ದಾಟತದ, ನಡುವ "ಅಕೌಂಟ್ ಮ್ಯಾನೇಜರ್" ಅಂತ ಒಬ್ಬರು ಇರತಾರಲ್ಲ, ಅವರ ಜೋಡಿ ಹೆಣಗೋದು ಎಂಥಾದ್ದು, ಎಲ್ಲಾ ಇವತ್ತ ಬರದ ಬಿಡತೇನಿ. ಕೆಲಸಾ ಎಲ್ಲಾ ಮುಗದದ, ಅತ್ತಿಯವರು ಮಲಗ್ಯಾರ, ಹೊತ್ತದ.

ಮೊದಲ ಇದು ನಡಿಯೋ ರೀತಿ ಹೇಳತೇನಿ. ಈ ಪದ್ಧತಿಗೆ ಅಫಿಲಿಯೇಟ್ ಅಂತಾರ. ಹೊಸಾದೇನಲ್ಲ. ಅಮೆಜಾನ್‌ದವರು 1996ರಾಗ, ಬರೇ ಪುಸ್ತಕಾ ಮಾರೋ ಕಾಲಕ್ಕನ ಇದನ್ನ ಚಾಲೂ ಮಾಡಿದ್ರು. ನನ್ನ ಲಿಂಕಿನೊಳಗ ನನ್ನ ಗುರುತಿನ ನಂಬರ್ ಇರತದ. ನೀವು ಒತ್ತಿದ ಕೂಡಲೆ ನಿಮ್ಮ ಫೋನಿನ್ಯಾಗ "ಕುಕಿ" ಅಂತ ಒಂದು ಸಣ್ಣ ಗುರುತು ಕೂಡತದ. ತಿನ್ನೋ ಕುಕಿ ಅಲ್ಲ ಮತ್ತ! ಆ ಗುರುತಿಗೆ ಆಯುಷ್ಯ ಇರತದ. ಕೆಲವು ಕಡೆ 24 ತಾಸು, ಕೆಲವು ಕಡೆ 7 ದಿನಾ, ಕೆಲವು ಕಡೆ 30 ದಿನಾ. ಅಷ್ಟರೊಳಗ ತೊಗೊಂಡ್ರ ನನ್ನ ಲೆಕ್ಕಕ್ಕ. ತಪ್ಪಿದ್ರ ಇಲ್ಲ.

ಇದರಾಗೂ ಕೊಂಕು ಅವ. ನೀವು ಮುಂಜಾನೆ ನನ್ನ ಲಿಂಕ್ ಒತ್ತಿ ನೋಡತೀರಿ, ಸಂಜೀಕೆ ರಾಯರನ್ನ ಕೇಳಿ ತೊಗೊಳ್ಳೋ ಮುಂದ "ಕೂಪನ್ ಏನರ ಅದ ಏನ" ಅಂತ ಇನ್ನೊಂದು ಸೈಟಿಗೆ ಹೋಗಿ ಒತ್ತತೀರಿ. ಕಡೀಕ ಯಾರದ ಒತ್ತಿದ್ರೋ ಅವರಿಗೆ ಕಮಿಷನ್. ಅರ್ಧಾ ತಾಸು ವಿಡಿಯೋ ಮಾಡಿ, ಕಡಾಯಿ ಒಳಗ ಹೊರಗ ತೋರಿಸಿ, ಒಗ್ಗರಣಿ ಹಾಕಿ ತೋರಿಸಿದಾಕಿ ನಾನು. ರೊಕ್ಕ ಕೂಪನ್‌ದವರಿಗೆ. ಇನ್ನ ವಾಟ್ಸ್ಯಾಪಿನ್ಯಾಗ ಲಿಂಕ್ ತಗದು ನೋಡಿ, ಆಮ್ಯಾಲೆ ಅದನ್ನ ಮುಚ್ಚಿ ಅಂಗಡಿ ಆ್ಯಪಿನ್ಯಾಗ ಹುಡುಕಿ ತೊಗೊಂಡ್ರ ಎಷ್ಟೋ ಸಲ ಗುರುತ ಹತ್ತಂಗಿಲ್ಲ. ಅದಕ್ಕ ನಾ ನಿಮಗ "ಅಲ್ಲಿಂದಲೇ ತೊಗೊಳ್ರೀ" ಅಂತ ಬೆನ್ನ ಹತ್ತೋದು.

ಲೆಕ್ಕಾ ಹತ್ತಿತು ಅಂದ್ರೂ ರೊಕ್ಕ ಕೈಗೆ ಬರಂಗಿಲ್ಲ. ಮೊದಲ "ಪೆಂಡಿಂಗ್" ಅಂತಿರತದ. ಸಾಮಾನು ವಾಪಸ್ ಕೊಡೋ ಅವಧಿ ಮುಗದ ಮ್ಯಾಲೆ ಮಾಲಿನ ಕಂಪನಿಯವರು ಹೌದಂದ್ರ "ಅಪ್ರೂವ್ಡ್", ಇಲ್ಲಂದ್ರ "ರಿಜೆಕ್ಟೆಡ್". ಆಮ್ಯಾಲೆ ಅವರು ನಡುವಿನ ಕಂಪನಿಗೆ ಕೊಡಬೇಕು, ನಡುವಿನ ಕಂಪನಿ ನನಗ ಕೊಡಬೇಕು. ಈ ನಡುವಿನ ಕಂಪನಿಗೆ "ನೆಟ್‌ವರ್ಕ್" ಅಂತಾರ. ಅಲ್ಲೆ ನಮ್ಮಂಥವರನ್ನ ನೋಡಕೊಳ್ಳಲಿಕ್ಕೆ ಇಟ್ಟ ಮನಶ್ಯಾರ ಅಕೌಂಟ್ ಮ್ಯಾನೇಜರ್. ನಾ ಇಲ್ಲೆ ಯಾವ ಕಂಪನಿ ಹೆಸರೂ ಬರಿಯಂಗಿಲ್ಲ. ಹೆಸರು ತೊಗೊಂಡು ಜಗಳಾ ತಗಿಯೋದು ನನಗ ಬ್ಯಾಡ.

ನಾ ಇದಕ್ಕ ಇಳದದ್ದು 2020ರ ಲಾಕ್‌ಡೌನಿನ್ಯಾಗ. ನಮ್ಮನಿಯವರಿಗೆ ಅರ್ಧಾ ಪಗಾರ. ಬೀಡಿನ ಹಂಚು ಪಳಗಿಸೋದು ಹೆಂಗ ಅಂತ ಒಂದು ವಿಡಿಯೋ ಮಾಡಿ ಹಾಕಿದ್ದೆ, ಮಂದಿ "ಹಂಚು ಎಲ್ಲಿ ಸಿಗತದ" ಅಂತ ಕೇಳಲಿಕತ್ತರು. ಅಲ್ಲಿಂದ ಶುರು ಆತು. ಮೊದಲ ವರ್ಷ ಬಂದ ರೊಕ್ಕ ಫೋನಿನ ರಿಚಾರ್ಜಿಗೆ ಸರಿ ಹೋಗತಿತ್ತು. ಈಗ ಮಗಳ ಹಾಸ್ಟೆಲ್ ಮೆಸ್ ಬಿಲ್ಲು ನನ್ನ ಮ್ಯಾಲೇನ ಅದ. ಹಿಂಗಾಗಿ ಇದು ನನಗ ಆಟಾ ಅಲ್ಲ.

ಈಗ ಮ್ಯಾನೇಜರ್‌ಗಳ ಕಥಿ. ಮೊದಲನೇದಂವಾ ಬರೇ ಹಿಂದಿ, ಇಂಗ್ಲಿಷು. ಒಂದು ಮಾತಿಗೆ ನಾಕ "ಮ್ಯಾಮ್". ನಾಕ ತಿಂಗಳ ಇದ್ದ, ಆಮ್ಯಾಲೆ ಒಂದಿನಾ ಫೋನ್ ಹಚ್ಚಿದ್ರ ನಂಬರ್ ಚಾಲೂನ ಇಲ್ಲ. ಎರಡನೇದಾಕಿ ದಾವಣಗೆರೆ ಕಡೆ ಹುಡುಗಿ. ಕನ್ನಡದಾಗ ಮಾತಾಡತಿದ್ಲು, "ಅಕ್ಕಾ" ಅಂತಿದ್ಲು. ಯಾವ ಲಿಂಕ್ ಮುರದದ, ಯಾವ ಮಾಲು ಭಾಳ ವಾಪಸ್ ಬರಲಿಕತ್ತದ, ತಾನ ಹೇಳತಿದ್ಲು. "ಈ ಬಾಟ್ಲಿ ಹಾಕಬ್ಯಾಡ್ರಿ ಅಕ್ಕಾ, ಮುಚ್ಚಳಾ ಸೋರತದಂತ ದೂರು ಬಂದಾವ" ಅಂತ ಆಕಿ ಹೇಳಿದ್ದಕ್ಕನ ನಿಮ್ಮಲ್ಲಿ ಎಷ್ಟೋ ಮಂದಿ ರೊಕ್ಕ ಉಳದದ. ಮೂರನೇದಂವಾ ಬಂದ. ಅಂವಂದು ಒಂದ ಪದ್ಧತಿ. ಸೋಮವಾರ ಮುಂಜಾನೆ "ಈ ವಾರದ ಪ್ಲಾನ್ ಏನು ಮ್ಯಾಮ್?" ಬುಧವಾರ "ಯಾಕ ಮ್ಯಾಮ್ ಲಿಂಕ್ ಹಾಕಿಲ್ಲ?" ಶುಕ್ರವಾರ "ಟಾರ್ಗೆಟ್ ಅರ್ಧಾನೂ ಆಗಿಲ್ಲ ಮ್ಯಾಮ್." ನಾ ಏನು ಅವರ ಪಗಾರದ ಆಳ ಅಲ್ಲ ನೋಡ್ರಿ. ಪಿಎಫ್ ಇಲ್ಲ, ರಜಾ ಇಲ್ಲ, ದೀಪಾವಳಿಗೆ ಒಂದು ಮಿಠಾಯಿ ಡಬ್ಬಿ ಸುದ್ದಾ ಇಲ್ಲ. ಟಾರ್ಗೆಟ್ ಮಾತ್ರ ಅದ! ಇನ್ನ ನನ್ನ ರೊಕ್ಕಾ ಎಲ್ಲೆ ಅಂತ ಕೇಳಿದ ಕೂಡಲೆ ಅಂವಂಗ ರೇಂಜ್ ಇರತಿದ್ದಿಲ್ಲ.

ಹೋದ ದೀಪಾವಳಿ ಮಿಕ್ಸರ್ ಸುದ್ದಿ ನಿಮಗ ಅರ್ಧಾ ಗೊತ್ತದ, ಪೂರ್ತಿ ಹೇಳತೇನಿ. ಹಬ್ಬಕ್ಕ ಮುಂಚೆ ದಾವಣಗೆರೆ ಹುಡುಗಿ ಮೆಸೇಜ್ ಹಾಕಿದ್ಲು. "ಅಕ್ಕಾ, ಈ ಮಿಕ್ಸರಿಗೆ ಯಾವಾಗಲೂ 5% ಇರತದಲ್ಲ, ಹಬ್ಬ ಮುಗಿಯೋತನಕಾ ನಿಮಗ 12%." ನಾ ಮಿಕ್ಸರ್ ತರಿಸಿ, ಮನ್ಯಾಗ ಹತ್ತ ದಿನಾ ಶೇಂಗಾ ಚಟ್ನಿ, ಮಸಾಲಿ ಖಾರಾ, ದ್ವಾಶಿ ಹಿಟ್ಟು ಎಲ್ಲಾ ರುಬ್ಬಿ ನೋಡಿ, ಛೊಲೋ ಅದ ಅನಿಸಿದ ಮ್ಯಾಲೇನ ಗ್ರೂಪಿಗೆ ಹಾಕಿದೆ. 40 ಮಿಕ್ಸರ್ ಹೋದವು. ಒಂದಕ್ಕ ಹೆಚ್ಚು ಕಡಿಮಿ 4,000 ರೂಪಾಯಿ. 12%ದ ಲೆಕ್ಕಕ್ಕ ಒಂದಕ್ಕ 480, ನಲವತ್ತಕ್ಕ 19,200. ಮಗಳ ಆ ಸೆಮಿಸ್ಟರ್ ಮೆಸ್ ಬಿಲ್ ಇದರಾಗ ಮುಗೀತು ಅಂತ ವಹಿಯೊಳಗ ಬರದೂ ಇಟ್ಟಿದ್ದೆ.

ಹಬ್ಬ ಆಗಿ ಒಂದು ವಾರಕ್ಕ ಆ ಹುಡುಗಿ ತನ್ನ ಸ್ವಂತ ನಂಬರಿಂದ ಫೋನ್ ಮಾಡಿದ್ಲು. "ಅಕ್ಕಾ, ನಾ ನೌಕರಿ ಬಿಡಲಿಕತ್ತೇನಿ. ನಾಳಿಂದ ಆಫೀಸಿನ ಫೋನ್ ನನ್ನ ಕಡೆ ಇರಂಗಿಲ್ಲ. ನನ್ನ ಮೆಸೇಜ್ ಎಲ್ಲಾ ಸ್ಕ್ರೀನ್‌ಶಾಟ್ ತಗದ ಇಟ್ಟಕೋರಿ." "ಮೊದಲ ತಗದಿಟ್ಟೇನಿ ತಂಗಿ" ಅಂದೆ. ನಮ್ಮ ಅವ್ವ ಹಾಲಿನವನ ಲೆಕ್ಕಾ ಕ್ಯಾಲೆಂಡರಿನ ಮ್ಯಾಲೆ ದಿನಾ ಬರಿಯೋದು ನೋಡಿ ಬೆಳದಾಕಿ ನಾನು. ಆಕಿ ಒಂದೀಟು ಸುಮ್ಮನಿದ್ದು, "ಹೊಸಬರು ಹಳೇದಕ್ಕ ಹೂಂ ಅನ್ನಂಗಿಲ್ಲ ಅಕ್ಕಾ, ಅದಕ್ಕ ಹೇಳಿದೆ" ಅಂದ್ಲು.

ಆಕಿ ಹೇಳಿದ್ದ ಖರೇ ಆತು. ಎರಡ ತಿಂಗಳಿಗೆ ಲೆಕ್ಕಾ ಬಂತು. 29 ಮಿಕ್ಸರ್ ಅಪ್ರೂವ್ಡ್, ಅದೂ 5%ದಂಗ, ಅಂದ್ರ 5,800 ರೂಪಾಯಿ. ಉಳದ 11 ರಿಜೆಕ್ಟೆಡ್. ಕಾರಣ ಅನ್ನೋ ಜಾಗಾದಾಗ "ಇನ್‌ವ್ಯಾಲಿಡ್" ಅಂತ ಒಂದ ಶಬ್ದ. ಹೊಸಾ ಮ್ಯಾನೇಜರ್‌ಗ ಬರದೆ. ಉತ್ತರ ಬಂತು: ಪ್ರಿಯ ಪಾರ್ಟ್ನರ್, ಹಿಂದಿನವರು ಕೊಟ್ಟ ಮಾತು ನಮ್ಮ ಸಿಸ್ಟಮಿನ್ಯಾಗ ಇಲ್ಲ. ಅಷ್ಟ. ಸಿಸ್ಟಮ್ ಅಂದ್ರ ಯಾರಪ್ಪಾ? ಅಂವಗ ಬಾಯಿ ಇಲ್ಲೇನು? ಮಾತು ಕೊಟ್ಟದ್ದು ಆ ಹುಡುಗಿ ತನ್ನ ಮನಿ ಪರವಾಗಿ ಅಲ್ಲ, ಅದ ಕಂಪನಿ ಕುರ್ಚಿ ಮ್ಯಾಲೆ ಕೂತು ಕೊಟ್ಟದ್ದು. ಕುರ್ಚಿ ಅಲ್ಲೇ ಅದ, ಮನಶ್ಯಾ ಬದಲಾದ್ರ ಮಾತು ಹೆಂಗ ಹೋಗತದ?

ನಮ್ಮ ತವರುಮನಿ ಹಾವೇರಿ ಕಡೆ. ನಮ್ಮಪ್ಪ ಬ್ಯಾಡಗಿ ಪ್ಯಾಟಿಗೆ ಮೆಣಸಿನಕಾಯಿ ಒಯ್ಯತಿದ್ದ. ಅಲ್ಲೆ ಒಂದ ದಲಾಲಿ ಅಂಗಡಿ, ನಾ ಸಣ್ಣಾಕಿದ್ದಾಗಿಂದ ಮದವಿ ಆಗೋತನಕಾ ಅದ ಅಂಗಡಿ. ದಲಾಲರೇನು ದೇವರಲ್ಲ. ತೂಕದ ಮ್ಯಾಲೆ ಜಗಳ ಆಗತಿದ್ವು, ಮುಂಗಡ ರೊಕ್ಕದ ಬಡ್ಡಿ ಮ್ಯಾಲೆ ಜಗಳ ಆಗತಿದ್ವು. ಆದ್ರ ಜಗಳಾಡಲಿಕ್ಕೆ ಎದುರಿಗೆ ಒಬ್ಬ ಮನಶ್ಯಾ ಇದ್ದ. ಗಾದಿ ಮ್ಯಾಲೆ ಕೂತಂವಾ ತೀರಿಕೊಂಡ್ರ ಮಗಾ ಅದ ಗಾದಿ ಮ್ಯಾಲೆ ಕೂತು, ಅಪ್ಪನ ಕೈಬರಹದ ಚೀಟಿ ನೋಡಿ "ಹೌದ್ರಿ ಕಾಕಾ, ಇದು ನಮ್ಮದ" ಅಂದು ಚುಕ್ತಾ ಮಾಡಿದ. ನನ್ನ ಕಡೆನೂ ಚೀಟಿ ಅದ, ದಿನಾ ತಾರೀಖು ತಾಸು ನಿಮಿಷದ ಸಮೇತ. ಹೌದು ಅನ್ನೋ ಮನಶ್ಯಾನ ಇಲ್ಲ.

ಇಲ್ಲೆ ನಿಮ್ಮದ ನೆನಸಬೇಕು. ರಿಜೆಕ್ಟ್ ಆದ 11 ಮಿಕ್ಸರ್ ಯಾರವು ಅಂತ ನನಗ ಹೆಸರು ಕಾಣಂಗಿಲ್ಲ, ತಾರೀಖು ಅಷ್ಟ ಕಾಣತದ. ಗ್ರೂಪಿನ್ಯಾಗ ಕೇಳಿದೆ, ಇಂಥಾ ಇಂಥಾ ದಿನಾ ತೊಗೊಂಡವರು ಯಾರು, ವಾಪಸ್ ಮಾಡಿದವರು ಯಾರು ಅಂತ. ಇಬ್ಬರು ಖರೇನ ವಾಪಸ್ ಮಾಡಿದ್ರು. ಒಬ್ಬರದು ಆವಾಜ್ ಭಾಳ ಇತ್ತು, ಇನ್ನೊಬ್ಬರ ಮನಿಯವರು ಅದ ದಿನಾ ಅಂಗಡಿಯಿಂದ ಬ್ಯಾರೆ ತಂದುಬಿಟ್ಟಿದ್ರು. ಉಳದ ಒಂಬತ್ತು ಮಂದಿ ಸಂಜೀ ಒಳಗ ಬಿಲ್ ಕಳಿಸಿದ್ರಿ, ಬಿಲ್ ಜೋಡಿ ಅಡಗಿಮನಿ ಕಟ್ಟಿ ಮ್ಯಾಲೆ ಕೂತ ಮಿಕ್ಸರ್ ಫೋಟೋ ಕಳಿಸಿದ್ರಿ. ಒಬ್ಬಾಕಿ ಅಂತೂ ಚಟ್ನಿ ರುಬ್ಬೋ ವಿಡಿಯೋನ ಕಳಿಸಿದ್ಲು, "ಇದು ಇನ್‌ವ್ಯಾಲಿಡ್ ಏನ ಕೇಳ ಅವರನ್ನ" ಅಂತ. ನಾ ಕೂತಲ್ಲೇ ನಕ್ಕೆ, ಕಣ್ಣಾಗ ನೀರೂ ಬಂತು. ಬಿಲ್ಲಿನ ಮ್ಯಾಲಿನ ನಿಮ್ಮ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲಾ ಅಳಸಿ, ಬರೇ ಆರ್ಡರ್ ನಂಬರ್ ಇಟ್ಟು ಕಳಿಸಿದೆ.

ಅದ ಹೊತ್ತಿನ್ಯಾಗ ಮೂರನೇದಂವಾ ಇನ್ನೊಂದು ಮಾತು ತಗದ. "ಮ್ಯಾಮ್, ನಿಮ್ಮ ಗ್ರೂಪಿನ ನಂಬರ್ ಲಿಸ್ಟ್ ಕೊಟ್ಟುಬಿಡ್ರಿ, ನಾವ ನೇರ ಮೆಸೇಜ್ ಮಾಡತೇವಿ, ನಿಮ್ಮ ಪೆಂಡಿಂಗ್ ವಿಷಯಾನೂ ಲಗೂ ನೋಡತೇನಿ." ಓದಿ ಮೈ ಉರೀತು. ನಿಮ್ಮ ನಂಬರ್ ನನ್ನ ಆಸ್ತಿ ಅಲ್ಲ. ಲಿಂಕ್ ನೋಡಲಿಕ್ಕೆ ನೀವು ಗ್ರೂಪಿಗೆ ಬಂದೀರಿ, ಮಂದಿ ಕೈಯಾಗ ಸಿಗಲಿಕ್ಕಲ್ಲ. ಆಗಂಗಿಲ್ಲ ಅಂತ ಬರದೆ. ಆಮ್ಯಾಲೆ ಇನ್ನೊಂದು. ನಾ ಪ್ರತಿ ಲಿಂಕಿನ ಮ್ಯಾಲೆ "ಇದು ಜಾಹೀರಾತು, ತೊಗೊಂಡ್ರ ನನಗ ಕಮಿಷನ್ ಬರತದ" ಅಂತ ಹಾಕತೇನಲ್ಲ, ಅದನ್ನ ತಗೀರಿ, ಒತ್ತೋರು ಕಡಿಮಿ ಆಗತಾರ ಅಂದ. ಇದಕ್ಕ ನಾ ಕಾಯದಾನ ತೋರಿಸಿದೆ. ಜಾಹೀರಾತು ನೋಡಕೊಳ್ಳೋ ಆಸ್ಕಿ ಸಂಸ್ಥಾದವರು 2021ರಾಗನ ಇದಕ್ಕ ನಿಯಮಾ ಮಾಡ್ಯಾರ, ಕೇಂದ್ರ ಸರ್ಕಾರದ ಗ್ರಾಹಕ ಇಲಾಖೆಯವರು 2023ರ ಜನವರಿಯೊಳಗ ಮಾರ್ಗಸೂಚಿ ಹೊರಡಿಸ್ಯಾರ. ಹೇಳೋರಿಗೂ ಮಾಲಿನ ಕಂಪನಿಗೂ ನಡುವ ರೊಕ್ಕದ ಸಂಬಂಧ ಇದ್ದ್ರ ಎದ್ದು ಕಾಣೋಹಂಗ ಹೇಳಬೇಕು. ಕಾಯದಾ ಇರಲಿಕ್ಕಿಲ್ಲಂದ್ರೂ ನಾ ತಗೀತಿದ್ದಿಲ್ಲ. ದಿನಾ ಎದುರಿಗೆ ಭೇಟಿ ಆಗೋರ ಮುಂದ ಮುಚ್ಚಿಟ್ಟು ಗಳಸಿ ನಾ ಹೆಂಗ ತಿರಗಾಡಲಿ?

ಮಾಲಿನ ಕಂಪನಿ, ನೆಟ್‌ವರ್ಕ್, ನಾನು, ಮೂರು ಕಡೆ ಮೇಲ್ ಅಡ್ಡಾಡಿ ಆರು ವಾರ ಹೋತು. ಈ ಆರು ವಾರದಾಗ ನನಗ ಒಂದು ಸ್ವಚ್ಛ ತಿಳೀತು. ಅಕೌಂಟ್ ಮ್ಯಾನೇಜರ್ ಕೈಯಾಗ ತಿಜೋರಿ ಕೀಲಿ ಇರಂಗಿಲ್ಲ. ಹೌದು ಅಲ್ಲ ಅನ್ನೋದು ಮಾಲಿನ ಕಂಪನಿ. ನೆಟ್‌ವರ್ಕಿನವರಿಗೆ ರೊಕ್ಕ ಬರೋದು ಆ ಕಂಪನಿಯಿಂದನ. ಹಿಂಗಾಗಿ ನನಗೂ ಕಂಪನಿಗೂ ಜಗಳ ಬಿದ್ದಾಗ ಮ್ಯಾನೇಜರ್ ಯಾರ ಕಡೆ ವಾಲತಾರ ಅಂತ ಬ್ಯಾರೆ ಹೇಳಬೇಕಾಗಿಲ್ಲ. ನನ್ನ ಮುಂದ "ನಿಮ್ಮವ ನಾ" ಅಂತಾರ, ಪಗಾರ ಮಾತ್ರ ಆ ಕಡಿಂದ. ಅವರಿಗೂ ಪಾಪ ಮ್ಯಾಲಿನವರ ಟಾರ್ಗೆಟ್. ದಾವಣಗೆರೆ ಹುಡುಗಿ ಒಮ್ಮೆ ರಾತ್ರಿ ಒಂಬತ್ತಕ್ಕ ಫೋನ್ ಮಾಡಿದಾಗ ಊಟಾ ಆತೇನು ಅಂತ ಕೇಳಿದೆ. "ಇಲ್ಲಕ್ಕಾ, ಇನ್ನಾ ಇಪ್ಪತ್ತು ಮಂದಿಗೆ ಮಾಡೋದದ" ಅಂದ್ಲು. ನಮ್ಮ ಮಗಳಿಗಿಂತ ನಾಕ ವರ್ಷ ದೊಡ್ಡಾಕಿ ಇದ್ದಾಳು. ಆಕಿ ಬಗ್ಗೆ ನನಗ ಸಿಟ್ಟಿಲ್ಲ. ಆಕಿ ಬಾಯಿಂದ ಮಾತು ಕೊಡಿಸಿ, ಆಕಿ ಹೋದ ಕೂಡಲೆ ಆ ಮಾತನ್ನ ಕಸದ ಜೋಡಿ ಹೊರಗ ಹಾಕೋ ಪದ್ಧತಿ ಮ್ಯಾಲೆ ಸಿಟ್ಟು. ಕಮಿಷನ್ ಕಡಿಮಿ ಕೊಡತೇವಿ ಅಂತ ಮೊದಲ ಹೇಳಿದ್ರ ನಾ ಮಾಡಬೇಕೋ ಬ್ಯಾಡೋ ವಿಚಾರ ಮಾಡತಿದ್ದೆ. ಕೆಲಸಾ ಮಾಡಿಸಿಕೊಂಡ ಮ್ಯಾಲೆ ರೇಟ್ ಬದಲಿ ಮಾಡೋದು ಯಾವ ನ್ಯಾಯ?

ಕಡೀಕ ಏನಾತು ಅಂದ್ರ, ಒಂಬತ್ತೂ ಮಿಕ್ಸರ್ ಒಪ್ಪಿಕೊಂಡ್ರು. 12%ದ ಮಾತೂ ಒಪ್ಪಿಕೊಂಡ್ರು, ಆದ್ರ ಮೊದಲಿನ 22ಕ್ಕ ಅಷ್ಟ. ಆಮ್ಯಾಲಿಂದಕ್ಕ ಹಬ್ಬದ ಬಜೆಟ್ ಮುಗದಿತ್ತಂತ. ಬಜೆಟ್ ಮುಗದದ್ದು ನನಗ ಯಾರೂ ಹೇಳಿದ್ದಿಲ್ಲ. 22ಕ್ಕ 10,560, ಉಳದ 16ಕ್ಕ 5%ದಂಗ 3,200, ಒಟ್ಟ 13,760. ಇದರಾಗ 2% ಟಿಡಿಎಸ್, ಅಂದ್ರ 275, ಹಿಡದು 13,485 ಖಾತೆಗೆ ಬಂತು.

ಟಿಡಿಎಸ್ ಅಂದ ಕೂಡಲೆ ಅಂಜಬ್ಯಾಡ್ರಿ, ಅದು ಕಳಕೊಂಡ ರೊಕ್ಕ ಅಲ್ಲ. ಕಮಿಷನ್ ಮ್ಯಾಲೆ ಇದನ್ನ ಕಡೀತಾರ. ಮೊದಲ 5% ಇತ್ತು, 2024ರ ಅಕ್ಟೋಬರ್‌ನಿಂದ 2% ಆತು. ವರ್ಷಕ್ಕ 15,000 ಇದ್ದ ಮಿತಿ 2025ರ ಏಪ್ರಿಲ್‌ನಿಂದ 20,000 ಆತು. ಪ್ಯಾನ್ ನಂಬರ್ ಕೊಡಲಿಲ್ಲಂದ್ರ 20% ಕಡೀತಾರ, ಅದಕ್ಕ ಪ್ಯಾನ್ ಕೊಡೋದು ಮೊದಲನೇ ಕೆಲಸ. ತೆರಿಗಿ ಬೀಳೋವಷ್ಟು ಗಳಿಕಿ ಇಲ್ಲಂದ್ರ ರಿಟರ್ನ್ ತುಂಬಿ ವಾಪಸ್ ತೊಗೋಬಹುದು. ಕಡದದ್ದು ಖರೇನ ಸರ್ಕಾರಕ್ಕ ಕಟ್ಟ್ಯಾರೋ ಇಲ್ಲೋ ಅನ್ನೋದನ್ನ ನಿಮ್ಮ ಪ್ಯಾನಿನ ತೆರಿಗಿ ಪಟ್ಟಿಯೊಳಗ ನೋಡಬಹುದು.

ನಿಮ್ಮಲ್ಲಿ ನಾಕೈದು ಮಂದಿ "ನಾವೂ ಶುರು ಮಾಡೋಣೇನು" ಅಂತ ಕೇಳೀರಿ. ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಮ್ಯಾನೇಜರ್ ಫೋನಿನ್ಯಾಗ ಎಷ್ಟ ಸಿಹಿ ಮಾತಾಡಿದ್ರೂ, ಫೋನ್ ಇಟ್ಟ ಕೂಡಲೆ "ನೀವು ಹಿಂಗಿಂಗ ಹೇಳಿದ್ರಿ, ಬರೋಬ್ಬರಿ ಅದನೋ ಇಲ್ಲೋ ತಿಳಸ್ರಿ" ಅಂತ ಎರಡ ಸಾಲು ಮೇಲ್ ಹಾಕ್ರಿ, ಮ್ಯಾನೇಜರ್‌ಗ ಅಷ್ಟ ಅಲ್ಲ, ಕಂಪನಿಯ ಸಪೋರ್ಟ್ ವಿಳಾಸಕ್ಕೂ ಒಂದು ಪ್ರತಿ ಹೋಗಲಿ. ಹೆಚ್ಚಿನ ರೇಟ್ ಅಂದ್ರ ಎಷ್ಟ ದಿನಾ, ಎಷ್ಟ ಆರ್ಡರ್ ತನಕಾ ಅಂತ ಕೇಳ್ರಿ. ರಿಜೆಕ್ಟ್ ಆದ್ರ ಕಾರಣ ಕೇಳಲಿಕ್ಕೆ ನಾಚಬ್ಯಾಡ್ರಿ, ಎಷ್ಟ ದಿನದೊಳಗ ಕೇಳಬೇಕು ಅನ್ನೋದು ಕರಾರಿನ್ಯಾಗ ಇರತದ. ದಿನದ ಲೆಕ್ಕಾ ನಿಮ್ಮ ವಹಿಯೊಳಗ ಬ್ಯಾರೆ ಬರೀರಿ. ಎಲ್ಲಾ ಕಮಿಷನ್ ಒಂದ ಕಂಪನಿ ಮ್ಯಾಲೆ ಇಡಬ್ಯಾಡ್ರಿ. ಇನ್ನ, ಬರೋ ರೊಕ್ಕ ಬಂದು ಖಾತೆಯೊಳಗ ಬೀಳೋತನಕಾ ಅದರ ಮ್ಯಾಲೆ ಯಾವ ಬಿಲ್ಲೂ ಬರದು ಇಡಬ್ಯಾಡ್ರಿ.

ಮಗಳ ಮೆಸ್ ಬಿಲ್ಲು ಕಟ್ಟೇನಿ, ಕಡಿಮಿ ಬಿದ್ದದ್ದಕ್ಕ ಭಿಶಿ ರೊಕ್ಕ ಹಾಕಿದೆ. ಮೂರನೇದಂವಾನೂ ಹೋದ. ಹೋದ ವಾರ ನಾಕನೇದಾಕಿ ಮೇಲ್ ಬಂತು, "ನಿಮ್ಮ ಜೋಡಿ ಕೆಲಸಾ ಮಾಡಲಿಕ್ಕೆ ಸಂತೋಷ" ಅಂತ. ಆಕಿ ಪ್ಲಾನ್ ಕೇಳೋಕಿಂತ ಮೊದಲ ನಾನ ಒಂದು ಪುಟದ ಹಳೇ ಲೆಕ್ಕಾ ಕಳಿಸೇನಿ. ಸ್ಕ್ರೀನ್‌ಶಾಟ್, ಆರ್ಡರ್ ನಂಬರ್, ಬಂದದ್ದೆಷ್ಟು, ಬರೋದೆಷ್ಟು ಎಲ್ಲಾ ಅದರಾಗ ಅದ. "ನೋಡಿ ಹೇಳತೇನಿ" ಅಂದಾಳ. 38 ಮಿಕ್ಸರಿಗೆ 12%ದಂಗ ಬರಬೇಕಾಗಿದ್ದು 18,240. ಇನ್ನೂ 4,480 ಬಾಕಿ. ಅದನ್ನ ವಹಿಯೊಳಗ "ಬರೋದು" ಅಂತನ ಇಟ್ಟೇನಿ, ಕಾಟ ಹೊಡದಿಲ್ಲ.